ಪಿಕಪ್ ತೊಟ್ಟಿ ಕಟ್ಟಿಸುವ ಮೊದಲು ನಾನು ಹಾಕಿದ ಕೆಜಿ ಲೆಕ್ಕ

ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಪಿಕಪ್. ಕಂಪನಿ ಲೆಕ್ಕದಲ್ಲಿ 1.3 ಟನ್ ಹೊರುವ ಗಾಡಿ. ಹಿಂದಿನ ಮಾಲೀಕರು ಅದಕ್ಕೆ ಮಾಡಿಸದ ಕೆಲಸವೇ ಇರಲಿಲ್ಲ. ಹಿಂದೆ ಮಾಲು ತುಂಬುವ ತೊಟ್ಟಿಯ ತಳಕ್ಕೆ ಚೆಕರ್ ಪ್ಲೇಟ್ (ಜಾರದಂತೆ ಉಬ್ಬುಗೆರೆ ಇರುವ ಕಬ್ಬಿಣದ ಶೀಟು), ಮೇಲೆ ಆರಡಿ ಎತ್ತರದ ಪೈಪಿನ ಪಂಜರ, ಹಿಂದೆ ದಪ್ಪ ಬಂಪರ್, ಕ್ಯಾಬಿನ್ ಮೇಲೆ ಕ್ಯಾರಿಯರ್, ಆಕ್ಸಲ್ ಮೇಲೆ ಭಾರ ಹೊರುವ ಕಮಾನಿಗೆ (ಪಟ್ಟಿ ಸ್ಪ್ರಿಂಗಿಗೆ) ಹೆಚ್ಚುವರಿ ಪಟ್ಟಿ. ನೋಡೋಕೆ ಗಾಡಿ ಜಬರ್ದಸ್ತಾಗಿತ್ತು. ಆದರೆ ಚೆಕರ್ ಪ್ಲೇಟಿನ ಕೆಳಗೆ ನೀರು ನಿಂತು ಮೂಲ ತಳ ಜರಡಿ ಆಗಿತ್ತು. ತೊಟ್ಟಿಯನ್ನು ಹೊಸದಾಗಿ ಕಟ್ಟಿಸಲೇಬೇಕಿತ್ತು.

ನಮ್ಮದು ಶ್ರೀನಿವಾಸಪುರ ಕಡೆ. ವರ್ಷದ ಹೆಚ್ಚಿನ ದಿನ ಟೊಮ್ಯಾಟೊ, ಸೀಸನ್‌ನಲ್ಲಿ ಮಾವು, ನಡುನಡುವೆ ಗೊಬ್ಬರದ ಮೂಟೆ. ಕೋಲಾರ ಎಪಿಎಂಸಿಗೆ ಹೋಗುವುದು ಜಾಸ್ತಿ, ರೇಟು ನೋಡಿಕೊಂಡು ಮದನಪಲ್ಲಿಗೂ ಹೋಗುತ್ತೇವೆ. ಬಾಡಿ ಕಟ್ಟೋರ ಹತ್ತಿರ ಹೋಗುವ ಮೊದಲು ನಾನು ಖಾಲಿ ಗಾಡಿಯನ್ನು ವೇಬ್ರಿಡ್ಜ್ ಮೇಲೆ ಹತ್ತಿಸಿದೆ. ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತಾರೆ: ಖಾಲಿ ಗಾಡಿಯದು ಒಂದು, ಲೋಡ್ ಸಮೇತ ಗರಿಷ್ಠ ಎಷ್ಟು ಇರಬಹುದು ಅನ್ನುವುದು ಇನ್ನೊಂದು. ಎರಡನೆಯದು ಕದಲುವುದಿಲ್ಲ. ಖಾಲಿ ತೂಕ ಎಷ್ಟು ಏರುತ್ತದೋ ಅಷ್ಟು ನಾವು ಬಾಡಿಗೆಗೆ ಹೊರುವ ಮಾಲು ಕಡಿಮೆಯಾಗುತ್ತದೆ. ನನ್ನ ಚೀಟಿಯಲ್ಲಿ ಬಂದ ಖಾಲಿ ತೂಕ ಆರ್‌ಸಿಯಲ್ಲಿ ಇದ್ದದ್ದಕ್ಕಿಂತ 290 ಕೆಜಿ ಜಾಸ್ತಿ.

ಕೋಲಾರ ಮಾರ್ಕೆಟ್ಟಿನ ಬಾಕ್ಸಿಗೆ 15 ಕೆಜಿ ಹಣ್ಣು. ಕ್ರೇಟ್ ಸೇರಿದರೆ 17 ಅಂತ ಇಟ್ಟುಕೊಳ್ಳಿ. 290 ಕೆಜಿ ಅಂದರೆ 17 ಬಾಕ್ಸ್. ಪ್ರತಿ ಲೋಡಿನಲ್ಲೂ 17 ಬಾಕ್ಸ್ ಬಾಡಿಗೆ ಕಬ್ಬಿಣಕ್ಕೇ ಹೋಗುತ್ತಿತ್ತು. ಇಲ್ಲವೇ ಅಷ್ಟು ಓವರ್‌ಲೋಡ್ ಹೊತ್ತುಕೊಂಡು ಓಡಾಡಬೇಕಿತ್ತು.

ಆಮೇಲೆ ಒಂದೊಂದನ್ನೂ ಬಿಚ್ಚಿಸಿ, ಇಲ್ಲವೇ ಅಳತೆ ತೆಗೆದು ತೂಕ ಹಾಕಿದೆ. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಒಂದು ಚದರ ಮೀಟರ್ ಕಬ್ಬಿಣದ ಶೀಟು 1 ಮಿಲಿಮೀಟರ್ ದಪ್ಪ ಇದ್ದರೆ 7.85 ಕೆಜಿ. 2 ಮಿಲಿಮೀಟರ್ ಆದರೆ 15.7. ಅಲ್ಯೂಮಿನಿಯಂ ಆದರೆ 1 ಮಿಲಿಮೀಟರಿಗೆ 2.7 ಕೆಜಿ. ಇಷ್ಟು ನೆನಪಿದ್ದರೆ ಮಿಕ್ಕಿದ್ದು ಮೊಬೈಲ್ ಕ್ಯಾಲ್ಕುಲೇಟರ್ ಕೆಲಸ. ನನ್ನ ತೊಟ್ಟಿ ಎಂಟೂವರೆ ಅಡಿ ಉದ್ದ, ಐದೂವರೆ ಅಡಿ ಅಗಲ. ಅಂದರೆ 4.3 ಚದರ ಮೀಟರ್ ಚಿಲ್ಲರೆ. ಅದರ ಮೇಲೆ 3 ಮಿಲಿಮೀಟರ್ ಚೆಕರ್ ಪ್ಲೇಟ್ ಹಾಸಿದ್ದಕ್ಕೇ ಸುಮಾರು 110 ಕೆಜಿ. ಪಂಜರದ ಪೈಪಿಗೆ 105. ಬಂಪರ್ 35, ಕ್ಯಾರಿಯರ್ 25, ಕಮಾನಿನ ಹೆಚ್ಚುವರಿ ಪಟ್ಟಿಗಳು 15. ಲೆಕ್ಕ ಸರಿಹೋಯಿತು.

ಈ ಪಟ್ಟಿ ಹಿಡಿದುಕೊಂಡು ಬಾಡಿ ಕಟ್ಟುವ ಭಾಯ್ ಹತ್ತಿರ ಹೋದೆ. ಅವರು ನಮ್ಮಪ್ಪನ ಕಾಲದಿಂದ ಲಾರಿ ಬಾಡಿ ಕಟ್ಟುತ್ತಿರುವವರು. ಚೀಟಿ ನೋಡಿ ನಕ್ಕರು.

"ಗಾಡಿ ತೂಕ ಇಳಿಸೋಕೆ ಬಂದಿರೋ ಗಿರಾಕಿ ನೀವೇ ಮೊದಲು. ಎಲ್ಲರೂ ಇನ್ನೂ ದಪ್ಪ ಹಾಕಿ ಅಂತಾರೆ."

"ದಪ್ಪ ಎಲ್ಲಿ ಬೇಕೋ ಅಲ್ಲಿ ಹಾಕೋಣ ಭಾಯ್. ಬೇಡದ ಕಡೆ ಯಾಕೆ?"

"ತೆಳು ಹಾಕಿ ನಾಳೆ ಬಿಟ್ಟುಕೊಂಡ್ರೆ ಹೆಸರು ಹಾಳಾಗೋದು ನಂದು."

ಅವರ ಮಾತಲ್ಲೂ ನ್ಯಾಯ ಇತ್ತು. ಆದರೆ ಇನ್ನೊಂದು ವಿಷಯವೂ ಇದೆ. ನಮ್ಮಲ್ಲಿ ಫ್ಯಾಬ್ರಿಕೇಷನ್ ರೇಟನ್ನು ಬಹಳ ಕಡೆ ಕೆಜಿ ಲೆಕ್ಕದಲ್ಲೇ ಮಾತಾಡುತ್ತಾರೆ. ಕಬ್ಬಿಣ ಜಾಸ್ತಿ ಆದಷ್ಟೂ ಬಿಲ್ಲು ಜಾಸ್ತಿ. ಹೀಗಿರುವಾಗ ಹಗುರ ಮಾಡಿ ಅಂತ ಕೇಳಿದರೆ ಯಾರಿಗೆ ಖುಷಿ? ಅದಕ್ಕೆ ನಾನು ಕೆಜಿ ರೇಟು ಬೇಡ, ಪೂರ್ತಿ ಕೆಲಸಕ್ಕೆ ಒಂದು ಗುತ್ತಿಗೆ ಮೊತ್ತ ಹೇಳಿ ಅಂದೆ. ಅಲ್ಲಿಂದ ಮುಂದೆ ಮಾತು ಸಲೀಸಾಯಿತು. ಬಾಡಿ ಕಟ್ಟಿಸುವವರು ಬೇರೆಲ್ಲ ಮರೆತರೂ ಇದೊಂದು ಮಾತ್ರ ಮಾಡಿ.

ಮೊದಲು ಚರ್ಚೆಗೆ ಬಂದದ್ದು ತಳ. ಎಲ್ಲಾ ಅಲ್ಯೂಮಿನಿಯಂ ಹಾಕಿಸಿಬಿಡು ಅಂತ ತಮ್ಮ ಹೇಳುತ್ತಿದ್ದ. 3 ಮಿಲಿಮೀಟರ್ ಅಲ್ಯೂಮಿನಿಯಂ ಚೆಕರ್ ಹಾಕಿದರೆ ತಳಕ್ಕೆ 40 ಕೆಜಿಯೂ ಆಗುವುದಿಲ್ಲ. ಆದರೆ ನನ್ನ ತಳದ ಮೇಲೆ ಕ್ರೇಟ್ ಎಳೆಯುತ್ತಾರೆ, ಡ್ರಮ್ ಉರುಳಿಸುತ್ತಾರೆ, ಒಮ್ಮೊಮ್ಮೆ ಕಲ್ಲುಕಂಬವೂ ಬೀಳುತ್ತದೆ. ಅಲ್ಲಿ ತೂತು ಬಿದ್ದರೆ ಶ್ರೀನಿವಾಸಪುರದ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಅರ್ಧ ಗಂಟೆಯಲ್ಲಿ ಮುಚ್ಚಿಸುವ ಹಾಗಿರಬೇಕು. ಅಲ್ಯೂಮಿನಿಯಂ ಬೆಸೆಯಲು ಆರ್ಗನ್ ಗ್ಯಾಸಿನ ಮೆಷಿನ್ ಬೇಕು, ಅದರಲ್ಲಿ ಪಳಗಿದ ಕೈಯೂ ಬೇಕು. ಶಟರಿಂಗ್‌ಗೆ ಬಳಸುವ 12 ಮಿಲಿಮೀಟರ್ ಪ್ಲೈವುಡ್ ಹಾಕಿಸಿದವರೂ ಇದ್ದಾರೆ. ಅದು ಸುಮಾರು 35 ಕೆಜಿ. ಒಣ ಸಾಮಾನು ಸಾಗಿಸುವವರಿಗೆ ಪರವಾಗಿಲ್ಲ. ಟೊಮ್ಯಾಟೊ ರಸ ಅಂಚಿನಲ್ಲಿ ಇಳಿದರೆ ಅದು ಊದಿಕೊಳ್ಳುತ್ತದೆ.

ಕೊನೆಗೆ ಕೊಳೆತ ತಳವನ್ನೂ ಚೆಕರ್ ಪ್ಲೇಟನ್ನೂ ತೆಗೆಸಿ, 2 ಮಿಲಿಮೀಟರ್ ಸಾದಾ ಕಬ್ಬಿಣದ ಶೀಟು ಒಂದನ್ನೇ ಹಾಕಿಸಿದೆ. 68 ಕೆಜಿ. ಶೀಟು ತೆಳುವಾದರೆ ಬಗ್ಗುವುದಿಲ್ವಾ ಅಂತ ಕೇಳಬಹುದು. ಬಗ್ಗುವುದು ಎರಡು ಅಡ್ಡಪಟ್ಟಿಗಳ ನಡುವಿನ ಖಾಲಿ ಜಾಗದಲ್ಲಿ. ಆ ಅಂತರವನ್ನು ಒಂದಡಿಗೆ ಇಳಿಸಿದೆವು. ಇಡೀ ತಳವನ್ನು ದಪ್ಪ ಮಾಡುವ ಬದಲು ಎರಡು ಅಡ್ಡಪಟ್ಟಿ ಜಾಸ್ತಿ ಹಾಕಿದರೆ ಖರ್ಚಾಗುವ ಕಬ್ಬಿಣ ಎಷ್ಟೋ ಕಡಿಮೆ.

ಪಕ್ಕದ ಬಾಗಿಲುಗಳ ಕೆಲಸ ಬೇರೆ. ಅವು ಮಾಲು ಜಾರದಂತೆ ತಡೆದು ನಿಲ್ಲಬೇಕು ಅಷ್ಟೇ, ಮೇಲೆ ಭಾರ ಕೂರುವುದಿಲ್ಲ. ಅಲ್ಲಿ ಅಲ್ಯೂಮಿನಿಯಂ ಸರಿ ಅನ್ನಿಸಿತು. ಚೌಕಟ್ಟು ಕಬ್ಬಿಣದ್ದು, ಒಳಗಿನ ಹಲಗೆ ಅಲ್ಯೂಮಿನಿಯಂ. ಎರಡರ ತೂಕ ಹೋಲಿಸುವಾಗ ಒಂದು ಎಚ್ಚರ ಬೇಕು. ಅಲ್ಯೂಮಿನಿಯಂ ತೂಕದಲ್ಲಿ ಕಬ್ಬಿಣದ ಮೂರನೇ ಒಂದು ಭಾಗ ಅಂತ ಎಲ್ಲರೂ ಹೇಳುತ್ತಾರೆ. ಬಗ್ಗದೆ ನಿಲ್ಲುವ ಗುಣವೂ ಮೂರನೇ ಒಂದು ಭಾಗವೇ ಅಂತ ಯಾರೂ ಹೇಳುವುದಿಲ್ಲ! ಕಬ್ಬಿಣದ ಶೀಟಿನಷ್ಟೇ ಬಿಗಿ ಬರಬೇಕಾದರೆ ಅಲ್ಯೂಮಿನಿಯಂ ಹೆಚ್ಚುಕಡಿಮೆ ಒಂದೂವರೆ ಪಟ್ಟು ದಪ್ಪ ಇರಬೇಕು. ಆಗ ಉಳಿಯುವುದು ಅರ್ಧ ತೂಕ. ಅದೂ ಒಳ್ಳೆಯದೇ, ಆದರೆ ಮೂರನೇ ಎರಡು ಭಾಗ ಉಳಿಯುತ್ತದೆ ಅಂತ ಲೆಕ್ಕ ಹಾಕಬೇಡಿ. ದುಡ್ಡಿನಲ್ಲಿ ಕೆಜಿಗೆ ಮೂರು ನಾಲ್ಕು ಪಟ್ಟು ಜಾಸ್ತಿ, ಬೇಕಾಗುವುದು ಅರ್ಧ ತೂಕ. ಹಾಗಾಗಿ ಅದೇ ಹಲಗೆಗೆ ಸುಮಾರು ಎರಡು ಪಟ್ಟು ಖರ್ಚು ಬೀಳುತ್ತದೆ. ಗುಜರಿಗೆ ಹಾಕುವ ದಿನ ಅದರಲ್ಲಿ ಸ್ವಲ್ಪ ವಾಪಸ್ಸೂ ಬರುತ್ತದೆ ಬಿಡಿ.

ಅಮೆರಿಕದಲ್ಲಿ ಫೋರ್ಡ್ ಕಂಪನಿ 2015ರ ಎಫ್-150 ಪಿಕಪ್‌ಗೆ ಪೂರ್ತಿ ಅಲ್ಯೂಮಿನಿಯಂ ಬಾಡಿ ಹಾಕಿ ಕೆಲವು ಮಾದರಿಗಳಲ್ಲಿ 300 ಕೆಜಿಗೂ ಮೇಲೆ ತೂಕ ಇಳಿಸಿತು. ಅವರೂ ಚಾಸಿಯನ್ನು (ಬಾಡಿ ಕೂರುವ ಕೆಳಗಿನ ಅಡಿಗಟ್ಟನ್ನು) ಮಾತ್ರ ಗಟ್ಟಿ ಉಕ್ಕಿನಲ್ಲೇ ಉಳಿಸಿಕೊಂಡರು. ತಮ್ಮನ ಬಾಯಿ ಮುಚ್ಚಿಸಲು ನನಗೆ ಇದು ಬಹಳ ಉಪಯೋಗಕ್ಕೆ ಬಂತು.

ಕಬ್ಬಿಣಕ್ಕೆ ಅಲ್ಯೂಮಿನಿಯಂ ನೇರವಾಗಿ ತಾಗಿ ನೀರು ಸೇರಿದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಗೊಬ್ಬರದ ಉಪ್ಪು, ಹಣ್ಣಿನ ಹುಳಿ ಸೇರಿದರೆ ಇನ್ನೂ ಬೇಗ. ಅದಕ್ಕೆ ಚೌಕಟ್ಟಿಗೆ ಎರಡು ಕೋಟ್ ಪ್ರೈಮರ್, ಮೇಲೆ ಬಣ್ಣ, ಮಧ್ಯೆ ರಬ್ಬರ್ ಪಟ್ಟಿ, ಬೋಲ್ಟಿಗೆ ನೈಲಾನ್ ವಾಷರ್. ಇನ್ನೊಂದು ಸೂಕ್ಷ್ಮ ಇದೆ. ಬಿಸಿಲಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ಗುತ್ತದೆ. ಎಂಟೂವರೆ ಅಡಿ ಉದ್ದಕ್ಕೆ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಬೋಲ್ಟಿನ ತೂತನ್ನು ಸ್ವಲ್ಪ ಉದ್ದಕ್ಕೆ ಕೊರೆಸಿದರೆ ಹಲಗೆ ಉಬ್ಬುವುದಿಲ್ಲ.

ಪಂಜರದಲ್ಲಿ ಉಳಿದಷ್ಟು ತೂಕ ಸುಲಭವಾಗಿ ಇನ್ನೆಲ್ಲೂ ಉಳಿಯಲಿಲ್ಲ. ಮೊದಲನೆಯ ಪ್ರಶ್ನೆ, ಆರಡಿ ಎತ್ತರ ಯಾಕೆ? ನನ್ನ ತೊಟ್ಟಿಯಲ್ಲಿ ಒಂದು ವರಸೆಗೆ 21 ಕ್ರೇಟ್ ಕೂರುತ್ತವೆ. ಅಂದರೆ ವರಸೆಗೆ 357 ಕೆಜಿ. ನಾಲ್ಕನೇ ವರಸೆ ತುಂಬುವ ಮೊದಲೇ 1.3 ಟನ್ ಮುಗಿಯುತ್ತದೆ. ನಾಲ್ಕು ವರಸೆಯ ಎತ್ತರ ನಾಲ್ಕಡಿ ದಾಟುವುದಿಲ್ಲ. ಅದರ ಮೇಲಿನ ಎರಡಡಿ ಪಂಜರ ಇರುವುದು ಓವರ್‌ಲೋಡಿಗೇ. ಚೆಂಡುಹೂವು, ಹೂಕೋಸು ಸಾಗಿಸುವವರ ಮಾತು ಬೇರೆ. ಅವರಿಗೆ ತೂಕಕ್ಕಿಂತ ಮೊದಲು ಜಾಗ ಮುಗಿಯುತ್ತದೆ, ಎತ್ತರ ಬೇಕೇಬೇಕು. ನಿಮ್ಮ ಮಾಲು ಯಾವುದು ಅಂತ ನೋಡದೆ ಪಕ್ಕದ ಗಾಡಿ ನೋಡಿ ಕಟ್ಟಿಸಬೇಡಿ.

ಎರಡನೆಯದು ಪೈಪ್. ಹಳೆಯದು 40ಕ್ಕೆ 40ರ ಚೌಕ ಪೈಪು, 3 ಮಿಲಿಮೀಟರ್ ಗೋಡೆ, ಮೀಟರಿಗೆ 3.5 ಕೆಜಿ. ಭಾಯ್ ಹಗುರ ಮಾಡಲು 25ಕ್ಕೆ 25ರ ಪೈಪು, ಅದೇ 3 ಮಿಲಿಮೀಟರ್ ಅಂದರು. ಅದು ಮೀಟರಿಗೆ 2.1. ನಾನು 40ಕ್ಕೆ 40 ಇರಲಿ, ಗೋಡೆ 2 ಮಿಲಿಮೀಟರ್ ಮಾಡಿ ಅಂದೆ. ಅದು 2.4. ತೂಕದಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ. ಆದರೆ ದೊಡ್ಡ ಪೈಪು ಚಿಕ್ಕದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಬಿಗಿ. ಪೈಪಿನ ಬಿಗಿ ಬರುವುದು ಅದರ ಅಗಲದಿಂದ, ಗೋಡೆಯ ದಪ್ಪದ ಪಾಲು ಕಡಿಮೆ. ಹಾಗಂತ 1 ಮಿಲಿಮೀಟರಿಗೆ ಇಳಿಯಬೇಡಿ. ಕೈ ವೆಲ್ಡಿಂಗ್‌ನಲ್ಲಿ ತೂತು ಬೀಳುತ್ತದೆ, ತುಕ್ಕು ಬೇಗ ಮುಗಿಸಿಬಿಡುತ್ತದೆ. ಎತ್ತರ ತಗ್ಗಿಸಿ, ಅಡ್ಡ ಪೈಪು ಕಡಿಮೆ ಮಾಡಿ ಇಡೀ ಪಂಜರ 48 ಕೆಜಿಗೆ ನಿಂತಿತು. ಬೇಡದಾಗ ಪಂಜರವನ್ನು ಎತ್ತಿ ಮನೆಯಲ್ಲಿಡುವಂತೆ, ಅದರ ಕಾಲುಗಳು ಕೂರಲು ತೊಟ್ಟಿಯಲ್ಲಿ ಗೂಡು ಮಾಡಿಸಿಕೊಂಡಿದ್ದೇನೆ.

ಎಷ್ಟು ತೂಕ ಅನ್ನುವಷ್ಟೇ ಅದು ಎಲ್ಲಿದೆ ಅನ್ನುವುದೂ ಮುಖ್ಯ. ಬಂಪರ್ ಹಿಂದಿನ ಆಕ್ಸಲಿನಿಂದ ನಾಲ್ಕಡಿ ಆಚೆ ನೇತಾಡುತ್ತಿತ್ತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹತ್ತಡಿ. 35 ಕೆಜಿ ಬಂಪರ್ ಹಿಂದಿನ ಆಕ್ಸಲಿಗೆ 49 ಕೆಜಿ ಸೇರಿಸುತ್ತದೆ, ಮುಂದಿನಿಂದ 14 ಕೆಜಿ ಎತ್ತಿಬಿಡುತ್ತದೆ. ಏತದ ಲೆಕ್ಕವೇ. ಹಿಂದೆ ಇಂಥವು ಸೇರುತ್ತಾ ಹೋದರೆ ಲೋಡ್ ಇದ್ದಾಗ ಸ್ಟೇರಿಂಗ್ ತೇಲುತ್ತದೆ. ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾಬಿನ್ ಮೇಲಿನ ಕ್ಯಾರಿಯರ್ ತೂಕ 25 ಕೆಜಿಯೇ ಆದರೂ ಅದು ಇರುವ ಎತ್ತರದಿಂದ ತಿರುವಿನಲ್ಲಿ ಗಾಡಿಯನ್ನು ವಾಲಿಸುತ್ತದೆ. ಎರಡನ್ನೂ ತೆಗೆಸಿದೆ. ಹಗ್ಗ, ಟಾರ್ಪಾಲು, ಜಾಕಿಗೆ ಎರಡು ಆಕ್ಸಲ್‌ಗಳ ನಡುವೆ, ಚಾಸಿ ಪಕ್ಕದಲ್ಲಿ ಒಂದು ತೆಳು ಡಬ್ಬ ಕೂರಿಸಿದ್ದೇವೆ. ಹಿಂದೆ ಕಾನೂನಿಗೆ ಬೇಕಾದ ತಡೆಪಟ್ಟಿ ಮಾತ್ರ ಇದೆ.

ಹೆಚ್ಚುವರಿ ಕಮಾನ್ ಪಟ್ಟಿಯನ್ನೂ ಬಿಚ್ಚಿಸಿದೆ. ಇದಕ್ಕೆ ಮನೆಯಲ್ಲೂ ವರ್ಕ್‌ಶಾಪಲ್ಲೂ ವಿರೋಧ ಬಂತು. ಪಟ್ಟಿ ಹಾಕಿಸಿದರೆ ಗಾಡಿ ಜಾಸ್ತಿ ಹೊರುತ್ತದೆ ಅನ್ನುವ ನಂಬಿಕೆ ಗಟ್ಟಿಯಾಗಿದೆ. ಪಟ್ಟಿ ಹಾಕಿದರೆ ಗಾಡಿ ಕುಸಿಯುವುದಿಲ್ಲ, ಅಷ್ಟೇ. ಆಕ್ಸಲ್, ಬ್ರೇಕ್, ಟೈರು ಮೊದಲಿನವೇ ಅಲ್ವಾ? ಟೈರಿನ ಪಕ್ಕದಲ್ಲಿ ಲೋಡ್ ನಂಬರ್ ಬರೆದಿರುತ್ತದೆ. 106 ಅಂದರೆ ಒಂದು ಟೈರಿಗೆ 950 ಕೆಜಿ, 100 ಅಂದರೆ 800. ಅದನ್ನು ಕಮಾನು ಬದಲಿಸಲಾರದು. ಇನ್ನು ಬಹಳ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ಸಲಾಕೆಯ ವಾಲ್ವ್ ಇರುತ್ತದೆ, ಮೆಕ್ಯಾನಿಕ್‌ಗಳು ಎಲ್‌ಎಸ್‌ಪಿವಿ ಅನ್ನುತ್ತಾರೆ. ಕಮಾನು ಎಷ್ಟು ತಗ್ಗಿದೆ ಅಂತ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ಅದು ನಿರ್ಧರಿಸುತ್ತದೆ. ಪಟ್ಟಿ ಹಾಕಿ ಕಮಾನು ಬಿಗಿ ಮಾಡಿದರೆ ಲೋಡ್ ಇದ್ದರೂ ಗಾಡಿ ಖಾಲಿ ಇದೆ ಅಂತ ಅದಕ್ಕೆ ಅನ್ನಿಸುತ್ತದೆ. ಬ್ರೇಕ್ ಬೇಕಾದಾಗ ಹಿಂದೆ ಕಡಿಮೆ ಹಿಡಿಯುತ್ತದೆ.

ಕೂರಿಸುವಾಗ ಚಾಸಿಗೆ ಹೊಸ ತೂತು ಕೊರೆಯಲು, ಬೆಸುಗೆ ಹಾಕಲು ಬಿಡಲಿಲ್ಲ. ಇದ್ದ ತೂತುಗಳು ಮತ್ತು ಯು ಬೋಲ್ಟ್ ಸಾಕಾದವು. ಗಾಡಿಯ ಮೇಲೆ ಏನೇ ವೆಲ್ಡಿಂಗ್ ನಡೆದರೂ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಸಿ, ಇಲ್ಲದಿದ್ದರೆ ಇಂಜಿನ್ನಿನ ಕಂಪ್ಯೂಟರ್ ಸುಟ್ಟುಹೋಗಬಹುದು.

ಮತ್ತೆ ವೇಬ್ರಿಡ್ಜ್. ಆರ್‌ಸಿಗಿಂತ 80 ಕೆಜಿ ಜಾಸ್ತಿ. ಅಂದರೆ 210 ಕೆಜಿ ಇಳಿದಿದೆ, 12 ಬಾಕ್ಸ್ ವಾಪಸ್ಸು ಬಂದಿವೆ. ಮುಂದಿನ ಆಕ್ಸಲ್ ಮಾತ್ರ ಹತ್ತಿಸಿ ಒಂದು ತೂಕ, ಹಿಂದಿನದು ಮಾತ್ರ ಹತ್ತಿಸಿ ಒಂದು ತೂಕ ತೆಗೆಸಿಕೊಳ್ಳಿ. ಹೆಚ್ಚೆಂದರೆ ಇನ್ನೊಂದು ಚೀಟಿಯ ದುಡ್ಡು ಕೇಳುತ್ತಾರೆ.

ಚೀಟಿಗಳನ್ನು ಆರ್‌ಸಿ ಜೊತೆಗೇ ಇಟ್ಟಿದ್ದೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿಯನ್ನು ಇಷ್ಟ ಬಂದಂತೆ ಮಾರ್ಪಡಿಸುವಂತಿಲ್ಲ. ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿದರೆ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ತಪಾಸಣೆಗೆ) ಹೋದಾಗ ತಕರಾರು ಇರುವುದಿಲ್ಲ. ಓವರ್‌ಲೋಡಿಗೆ 194ನೇ ಸೆಕ್ಷನ್‌ನಲ್ಲಿ 2019ರ ತಿದ್ದುಪಡಿ ಹೇಳುವ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಮಳೆಗಾಲ ಕಳೆದ ಮೇಲೆ ಎಲ್ಲ ಬೋಲ್ಟ್ ನೋಡಿದೆ. ಎಡಗಡೆ ಬಾಗಿಲಿನ ಒಂದು ಮೂಲೆಯಲ್ಲಿ ರಬ್ಬರ್ ಜಾರಿ ಬಿಳಿ ಪುಡಿ ಕಟ್ಟಿತ್ತು. ಉಜ್ಜಿ, ಪ್ರೈಮರ್ ಹಚ್ಚಿ, ಹೊಸ ಪಟ್ಟಿ ಹಾಕಿದೆ. ತಳದ ಶೀಟಿನಲ್ಲಿ ಗೀರುಗಳಿವೆ, ತಗ್ಗು ಎಲ್ಲೂ ಇಲ್ಲ. ಇನ್ನು ಉಳಿದಿರುವುದು ಹಿಂದಿನ ಬಾಗಿಲು. ಅದು ಈಗಲೂ ಹಳೇ ಕಬ್ಬಿಣದ್ದೇ. ದಿನಾ ಧಡ್ ಅಂತ ಬೀಳುವ ಬಾಗಿಲಿಗೆ ಅಲ್ಯೂಮಿನಿಯಂ ತಾಳುವುದಿಲ್ಲ ಅಂತ ಭಾಯ್ ಹೇಳುತ್ತಾರೆ, ಈ ಒಂದು ವಿಷಯದಲ್ಲಿ ನಾನೂ ಅವರ ಕಡೆಯೇ.