ಕಾಡುಬಸಳೆ ಎಲೆಯಲ್ಲಿ ಸಕ್ಕರೆಯ ದಾರಿ ನೋಡುವುದು ಹೇಗೆ

ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಸುಮ್ನೆ ಬೋರ್ಡ್ ಮೇಲೆ ಬರೆದರೆ, ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗುವ ದಾರಿ ಮಕ್ಕಳಿಗೆ ಕಾಣುವುದೇ ಇಲ್ಲ. ಚಿತ್ರದುರ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು ಈ ಪಾಠಕ್ಕೆ ಕಾಡುಬಸಳೆ ಕುಂಡ, ಹುಳಿ ಎಷ್ಟೆಂದು ಬಣ್ಣದಲ್ಲಿ ತೋರಿಸುವ ಪಿಎಚ್ ಪೇಪರ್, ಒಂದು ಕುಟ್ಟಾಣಿ ಇಟ್ಟುಕೊಳ್ಳುತ್ತೇನೆ. ಎಲೆಯ ಅಂಚಿನಲ್ಲೇ ಮರಿ ಹುಟ್ಟುತ್ತದಲ್ಲ, ಅದೇ ಗಿಡ.

ಚೆನ್ನಾಗಿ ಬಿಸಿಲು ಬೀಳುವ ದಿನ ಆರಿಸಿಕೊಳ್ಳಿ. ಸೂರ್ಯ ಹುಟ್ಟುವ ಮೊದಲೇ ಒಂದು ಬಲಿತ ಎಲೆ ಕಿತ್ತು, ಎರಡು ಚಮಚ ನೀರು ಹಾಕಿ ಜಜ್ಜಿ, ಬಟ್ಟೆಯಲ್ಲಿ ಹಿಂಡಿ. ರಸದ ಹಸಿರು ಪಟ್ಟಿಗೆ ಹತ್ತಿದರೆ ಬಣ್ಣ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಬದಿಗೆ ಹನಿ ಬಿಟ್ಟು ಹಿಂಬದಿ ನೋಡಿ. ಹಸಿಯಿರುವಾಗಲೇ ಆ ಬಣ್ಣಕ್ಕೆ ಹೊಂದುವ ಪಿಎಚ್ ನಂಬರ್ ಬರೆದುಕೊಳ್ಳಿ; ನಂಬರ್ ಕಡಿಮೆಯಿದ್ದಷ್ಟೂ ಹುಳಿ ಜಾಸ್ತಿ. ಸಂಜೆ ನಾಲ್ಕರ ಹೊತ್ತಿಗೆ ಅದೇ ಗಿಡದ ಅಷ್ಟೇ ದೊಡ್ಡ ಎಲೆ, ಅಷ್ಟೇ ನೀರು. ಬೆಳಗಿನ ರಸ ಜಾಸ್ತಿ ಹುಳಿ ಇರುತ್ತದೆ.

ರುಚಿ ನೋಡಲು ಮಕ್ಕಳನ್ನು ಬಿಡಬೇಡಿ. ಈ ಜಾತಿಯ ಗಿಡಗಳಲ್ಲಿ ಹೃದಯಕ್ಕೆ ಹಾನಿ ಮಾಡುವ ಅಂಶಗಳಿವೆ. ಹಿಂದೆ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಮಾತ್ರ ಈ ವ್ಯತ್ಯಾಸವನ್ನು ನಾಲಿಗೆಯಿಂದಲೇ ಕಂಡುಕೊಂಡರು. ಅದರ ಬಗ್ಗೆ ಅವರು ಬರೆದ ಪತ್ರ 1815ರಲ್ಲಿ ಅಚ್ಚಾಯಿತು.

ಹುಳಿ ಎಲ್ಲಿಂದ ಬಂತು? ಬಯಲುಸೀಮೆಯ ಬಿಸಿಲಿನಲ್ಲಿ ಎಲೆಯ ರಂಧ್ರ ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಹಾಗಾಗಿ ಕಾಡುಬಸಳೆ ರಾತ್ರಿ ರಂಧ್ರ ತೆರೆದು, ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಪಾಪಾಸುಕಳ್ಳಿಯದೂ ಇದೇ ದಾರಿ. ಹಗಲು ಬಾಗಿಲು ಮುಚ್ಚಿ, ಆಮ್ಲ ಒಡೆದು ಆ ಅನಿಲವನ್ನು ಒಳಗೇ ಬಿಡುತ್ತದೆ. ಆಗ ರುಬಿಸ್ಕೋ ಎಂಬ ಕಿಣ್ವ ಅದನ್ನು ಐದು ಇಂಗಾಲದ ಅಣುವಿಗೆ ಅಂಟಿಸುತ್ತದೆ. ಹೀಗಾದ ಆರು ಇಂಗಾಲದ ಅಣು ಕೂಡಲೇ ಮೂರು ಇಂಗಾಲದ ಎರಡು ತುಂಡಾಗುತ್ತದೆ. ಬಿಸಿಲಿನಿಂದ ಸಿಕ್ಕ, ಶಕ್ತಿ ಹೊತ್ತ ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ ಅಣುಗಳನ್ನು ಬಳಸಿ ಗಿಡ ಆ ತುಂಡುಗಳನ್ನು ಸಕ್ಕರೆ ಮಾಡುತ್ತದೆ. ಇಂಗಾಲದ ಡೈಆಕ್ಸೈಡಿನ ಮೂರು ಅಣು ಸೇರಿದರೆ ಆರು ತುಂಡು. ಅದರಲ್ಲಿ ಐದು ತುಂಡು ಮತ್ತೆ ಆ ಐದು ಇಂಗಾಲದ ಅಣುಗಳಾಗಿ ಚಕ್ರಕ್ಕೇ ವಾಪಸ್, ಉಳಿಯುವುದು ಒಂದೇ! ಅಂಥ ಎರಡು ಕೂಡಿದರೆ ಒಂದು ಗ್ಲೂಕೋಸ್. ಈ ಚಕ್ರ ಬಿಡಿಸಿದ್ದಕ್ಕೆ ಅಮೆರಿಕದ ವಿಜ್ಞಾನಿ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂತು.

ದಾಸವಾಳದ ಎಲೆಯನ್ನೂ ಜೊತೆಗೆ ಪರೀಕ್ಷಿಸಿ. ಅದು ಹಗಲಲ್ಲೇ ಗಾಳಿ ಎಳೆದುಕೊಳ್ಳುವುದರಿಂದ ಈ ಮಟ್ಟದ ಏರಿಳಿತ ಇರುವುದಿಲ್ಲ. ಇನ್ನೊಂದನ್ನು ಮಾತ್ರ ಬಿಡಲೇಬೇಡಿ: ಬೆಳಕು ಹರಿಯುವ ಮೊದಲು ಕಾಡುಬಸಳೆಯ ಒಂದು ಎಲೆಗೆ ದಪ್ಪ ಕಪ್ಪು ಕಾಗದ ಸುತ್ತಿ. ಸಂಜೆ ಅದರ ಹುಳಿ ಎಷ್ಟಿರಬಹುದು ಅಂತ ಮಕ್ಕಳು ಊಹೆ ಬರೆದ ಮೇಲೆ ಕಾಗದ ಬಿಚ್ಚಿ.