ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತರಬೇತುದಾರರಿಗೆ ಪ್ರಶಸ್ತಿಯ ಶಿಫಾರಸು ಪತ್ರ ಬರೆಯುವ ಬಗೆ

ಮೈಸೂರು ಅಥವಾ ಮಂಡ್ಯದ ಯಾವುದಾದರೂ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ತಮ್ಮ ಬ್ಯಾಸ್ಕೆಟ್‌ಬಾಲ್ ತರಬೇತುದಾರರನ್ನು ಗೌರವಿಸಬೇಕೆಂದು ಹೊರಟಾಗ ಸಾಮಾನ್ಯವಾಗಿ ಮೊದಲು ಕೈಹಾಕುವುದು ತಂಡ ಗೆದ್ದ ಕಪ್‌ಗಳ ಪಟ್ಟಿಗೆ. ಆದರೆ ಗುಣಕ್ಕೆ ಕೊಡುವ ಪ್ರಶಸ್ತಿಗೆ ಆ ಪಟ್ಟಿಯೊಂದೇ ಸಾಲದು. 1985ರಲ್ಲಿ ಆರಂಭವಾದ ದ್ರೋಣಾಚಾರ್ಯ ಪ್ರಶಸ್ತಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಪದಕ ಗೆಲ್ಲುವವರನ್ನು ರೂಪಿಸಿದವರಿಗೆ ಸಲ್ಲುವಂಥದ್ದು. ಕಾಲೇಜಿನ ಅಂಗಳದಲ್ಲೇ ಆಯುಷ್ಯ ಸವೆಸಿದವರಿಗೆ ಅದು ದೂರದ ಮಾತು. ನಮಗೆ ಹತ್ತಿರದ ಮಾದರಿ ಅಮೆರಿಕದಲ್ಲಿದೆ. ಯು.ಸಿ.ಎಲ್.ಎ. (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ಜಾನ್ ವುಡನ್ ಅವರ ಹೆಸರಿನಲ್ಲಿ, 1999ರಿಂದ ತರಬೇತುದಾರರಿಗೆಂದೇ ಒಂದು ಗೌರವ ಸಲ್ಲುತ್ತಿದೆ. ಅದನ್ನು ಮೊದಲು ಪಡೆದವರು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತರಬೇತುದಾರರಾಗಿದ್ದ ಡೀನ್ ಸ್ಮಿತ್. ಅಲ್ಲಿ ಗೆಲುವಿನ ಲೆಕ್ಕದ ಜೊತೆಗೆ ತರಬೇತುದಾರರ ನಡತೆಯನ್ನೂ, ಅವರ ಆಟಗಾರರಲ್ಲಿ ಎಷ್ಟು ಮಂದಿ ಪದವಿ ಮುಗಿಸಿದರೆಂಬುದನ್ನೂ ನೋಡುತ್ತಾರೆ.

ಆದ್ದರಿಂದ ಪದವಿಯ ಲೆಕ್ಕದಿಂದಲೇ ಕೆಲಸ ಆರಂಭಿಸಿ. ದೈಹಿಕ ಶಿಕ್ಷಣ ವಿಭಾಗದಲ್ಲಿ ಅಂತರಕಾಲೇಜು ಪಂದ್ಯಾವಳಿಗಳಿಗೆ ಕಳುಹಿಸಿದ ತಂಡದ ಪಟ್ಟಿಗಳ ಪ್ರತಿಗಳಿದ್ದರೆ, ಕಳೆದ 10 ವರ್ಷಗಳವನ್ನು ತೆಗೆಸಿ, ಪ್ರಾಂಶುಪಾಲರ ಅನುಮತಿ ಪಡೆದು, ಕಚೇರಿಯ ಪರೀಕ್ಷಾ ದಾಖಲೆಗಳೊಡನೆ ಹೋಲಿಸಿ ನೋಡಿ. ಬೇಸರದ ಕೆಲಸವೇ ಸರಿ, ಆದರೆ ಹೀಗೆ ದೊರೆತ ಒಂದು ಅಂಕಿ ಹತ್ತು ಸಾಲಿನ ಹೊಗಳಿಕೆಗಿಂತ ಹೆಚ್ಚು ತೂಗುತ್ತದೆ.

ನಡತೆಯ ಭಾಗವನ್ನು ಬರೆಯುವಾಗ ‘ಶಿಸ್ತಿನ ಸಿಪಾಯಿ’, ‘ಸರಳ ಸಜ್ಜನ’ ಎಂಬ ಸವೆದ ಮಾತುಗಳನ್ನು ಬಿಟ್ಟು ನಡೆದ ಘಟನೆಯನ್ನೇ ಬರೆಯಿರಿ: ಯಾವ ವರ್ಷ, ಯಾವ ಅಂಗಳ, ಕಂಡವರು ಯಾರು. ಹಾಜರಾತಿ ಕಡಿಮೆಯಿದ್ದ ಮುಖ್ಯ ಆಟಗಾರನನ್ನು ಸೆಮಿಫೈನಲ್‌ನಿಂದ ಹೊರಗಿಟ್ಟದ್ದು, ಮದ್ದೂರಿನ ಕಡೆಯ ಹಳ್ಳಿಯಿಂದ ಬರುವ ಹುಡುಗಿಗೆ ಕೊನೆಯ ಬಸ್ಸು ತಪ್ಪಬಾರದೆಂದು ಸಂಜೆಯ ಅಭ್ಯಾಸವನ್ನು ಬೆಳಿಗ್ಗೆಗೆ ಬದಲಿಸಿದ್ದು, ರೆಫರಿಯ ತೀರ್ಪು ತಮಗೆ ವಿರುದ್ಧವಾದಾಗಲೂ ತಂಡವನ್ನು ಸುಮ್ಮನಿರಿಸಿದ್ದು, ಇಂಥವು ನಿಜವಾಗಿ ನಡೆದಿದ್ದರೆ ಪತ್ರದ ಜೀವಾಳ ಅವೇ. ಯಾರನ್ನು ಕೇಳಬೇಕೆಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ತಂಡದ ನಾಯಕರಿಗಿಂತ ಮೊದಲು, ಮೂರು ವರ್ಷವೂ ಹೆಚ್ಚಾಗಿ ಬೆಂಚಿನಲ್ಲೇ ಕುಳಿತ ಆಟಗಾರರನ್ನು ಕೇಳಿ. ಅಂಕ ತಂದುಕೊಡದವರನ್ನು ಗುರು ಹೇಗೆ ಕಂಡರೆಂಬುದು ಅವರಿಗಷ್ಟೇ ಗೊತ್ತು. ಅಂಗಳ ಗುಡಿಸಿ ಗೆರೆ ಎಳೆಯುವ ಸಿಬ್ಬಂದಿಯನ್ನೂ ಮರೆಯಬೇಡಿ.

ಶುಲ್ಕ ಕಟ್ಟಲು ನೆರವಾದಂಥ ಪ್ರಸಂಗಗಳಿದ್ದರೆ ನೆರವು ಪಡೆದವರ ಒಪ್ಪಿಗೆಯಿಲ್ಲದೆ ಅವರ ಹೆಸರು ಬರೆಯಕೂಡದು. ಒಬ್ಬರ ಸನ್ಮಾನಕ್ಕಾಗಿ ಇನ್ನೊಬ್ಬರ ಬಡತನವನ್ನು ಬಯಲಿಗಿಡುವುದು ತರವಲ್ಲ. ತರಬೇತುದಾರರ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ. ಪತ್ರ ಎರಡು ಪುಟ ಮೀರದಿರಲಿ, ಪಂದ್ಯಗಳ ಫಲಿತಾಂಶ ಪ್ರತ್ಯೇಕ ಹಾಳೆಯಲ್ಲಿರಲಿ. ಒಂದು ಪ್ರತಿಯನ್ನು ಕಾಲೇಜಿನ ಕಡತದಲ್ಲಿ ಇಡಿಸಿದರೆ, ಈ ವರ್ಷ ಆಯ್ಕೆಯಾಗದಿದ್ದರೂ ಮುಂದಿನ ವರ್ಷ ಬರೆಯುವವರು ಅಲ್ಲಿಂದಲೇ ಮುಂದುವರಿಸಬಹುದು.