ಇದು ಪೇರಲ

ರೋಗಿ ಎಚ್ಚರವಾಗಿರುವಾಗಲೇ ನಡೆಯುವ ಮೆದುಳಿನ ಶಸ್ತ್ರಚಿಕಿತ್ಸೆಯಲ್ಲಿ ನನ್ನ ಜಾಗ ಹಸಿರು ಬಟ್ಟೆಯ ಈಚೆ, ಅವರ ಮುಖದ ಎದುರು. ನಾನು ವಾಕ್ ಚಿಕಿತ್ಸಕಿ. ಆಚೆ ಶಸ್ತ್ರವೈದ್ಯರು ಮೆದುಳಿಗೆ ಸಣ್ಣ ವಿದ್ಯುತ್ ತಾಗಿಸುತ್ತಾರೆ. ಈಚೆ ನಾನು ಚಿತ್ರ ತೋರಿಸಿ ಮಾತು ಆಲಿಸುತ್ತೇನೆ. ವಿದ್ಯುತ್ ತಾಗಿದ ಜಾಗ ಕ್ಷಣಕಾಲ ಕೆಲಸ ನಿಲ್ಲಿಸುತ್ತದೆ. ಆಗ ಮಾತು ತಪ್ಪಿದರೆ ಆ ಜಾಗವನ್ನು ಕತ್ತರಿಸದೆ ಉಳಿಸಬೇಕು.

ಅಂದು ಬಂದವರು ಉತ್ತರ ಕರ್ನಾಟಕದ ರೈತರು. ಎಡಭಾಗದಲ್ಲಿ, ಮಾತಿನ ನೆಲೆಗಳ ಹತ್ತಿರವೇ ಗೆಡ್ಡೆ. ಹಿಂದಿನ ಸಂಜೆ ಹಾಸಿಗೆಯ ಪಕ್ಕ ಕುಳಿತು ಚಿತ್ರಗಳನ್ನೆಲ್ಲ ತೋರಿಸಿದೆ. ನಮ್ಮ ಪಟ್ಟಿಯಲ್ಲಿ ‘ಸೀಬೆ’ ಎಂದಿತ್ತು, ಅವರು ‘ಪೇರಲ’ ಎಂದರು. ಸೀಬೆ ಹೊಡೆದುಹಾಕಿ ಪೇರಲ ಎಂದು ಬರೆದುಕೊಂಡೆ. ಅವರು ತಡವರಿಸಿದ ಚಿತ್ರಗಳನ್ನು ತೆಗೆದೇಬಿಟ್ಟೆ. ಮುನ್ನಾದಿನವೇ ಬಾರದ ಹೆಸರು ಮರುದಿನ ತಪ್ಪಿದರೆ ಅದರಿಂದ ಏನೂ ತಿಳಿಯದು. ಎಷ್ಟೇ ಕೆಲಸವಿರಲಿ, ಈ ಒಂದು ಸಂಜೆಯನ್ನು ನಾನು ಬಿಟ್ಟುಕೊಡುವುದಿಲ್ಲ.

ಹೆಸರಿನ ಮುಂದೆ ‘ಇದು’ ಸೇರಿಸಲು ಹೇಳಿಕೊಡುತ್ತೇನೆ. ಈ ಪರೀಕ್ಷೆಯ ಇಂಗ್ಲಿಷ್ ರೂಪವನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ‘ಇದು ಒಂದು ಪೇರಲ’ ಎಂದಾಗುತ್ತದೆ. ಹಣ್ಣು ಕೈಯಲ್ಲಿ ಹಿಡಿದವರು ಯಾರು ಹಾಗೆನ್ನುತ್ತಾರೆ? ‘ಇದು’ ಸಾಕು. ‘ಇದು…’ ಎಂದು ನಿಂತರೆ ಹೆಸರು ಸಿಗುತ್ತಿಲ್ಲ. ‘ಇದು’ ಕೂಡ ಹೊರಡದಿದ್ದರೆ ಮಾತೇ ಕಟ್ಟಿದೆ.

ಮೆದುಳಿಗೆ ನೋವು ತಿಳಿಯದು. ನೆತ್ತಿಯ ಚರ್ಮಕ್ಕೂ ಮೆದುಳಿನ ಹೊದಿಕೆಗೂ ಮರಗಟ್ಟಿಸಿದರೆ ಆಯಿತು. ತಾಗಿಸುವ ಕಡ್ಡಿಗೆ 5 ಮಿಲಿಮೀಟರ್ ಅಂತರದ ಎರಡು ಮೊನೆ, ವಿದ್ಯುತ್ ಕೆಲವೇ ಮಿಲಿಆಂಪಿಯರ್. ಫಿಟ್ಸ್ ಬಂದರೆ ಮೆದುಳಿನ ಮೇಲೆ ಸುರಿಯಲು ತಣ್ಣನೆಯ ದ್ರಾವಣ ಪಕ್ಕದಲ್ಲೇ ಇರುತ್ತದೆ. ಚಿತ್ರಕ್ಕೆ 4 ಸೆಕೆಂಡು.

“ಇದು ಎತ್ತು. ಇದು ಕುಡುಗೋಲು. ಇದು…”

ತುಟಿ ಅಲುಗುತ್ತಿತ್ತು, ಕಣ್ಣು ನನ್ನ ಮೇಲೇ ಇತ್ತು. “ಹೆಸರು ಬರಲಿಲ್ಲ” ಎಂದೆ. ಕಡ್ಡಿ ಎತ್ತಿದೊಡನೆ, “ಪೇರಲ ಮೇಡಂ! ಗೊತ್ತಿತ್ತು, ಬಾಯಿಗೆ ಬರಲಿಲ್ಲ” ಎಂದರು. ಅದೇ ಜಾಗವನ್ನು ಬಿಟ್ಟು ಬಿಟ್ಟು ಮೂರು ಸಲ ನೋಡಿದೆವು. ಎರಡು ಸಲ ತಪ್ಪಿತು. ಅಲ್ಲಿಗೊಂದು ಅಂಕಿಯ ಚೀಟಿ ಬಿತ್ತು. 1930ರ ದಶಕದಲ್ಲಿ ಮಾಂಟ್ರಿಯಲ್‌ನಲ್ಲಿ ಮೆದುಳಿನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಇಡುತ್ತಿದ್ದಂಥದ್ದೇ ಚೀಟಿ.

ಗೆಡ್ಡೆ ತೆಗೆಯುತ್ತ ಆಳಕ್ಕೆ ಇಳಿದಾಗ ಅವರು ಸ್ಪಷ್ಟವಾಗಿ, ನಿರಾಯಾಸವಾಗಿ “ಇದು ಪೇಲರ” ಎಂದರು. ಶಸ್ತ್ರವೈದ್ಯರ ಮನೆಮಾತು ಕನ್ನಡವಲ್ಲ. ಅವರಿಗೆ ತಪ್ಪು ಕೇಳಿಸಲೇ ಇಲ್ಲ. “ನಿಲ್ಲಿಸಿ” ಎಂದು ಕೈ ಎತ್ತಿದೆ. ಮಾವು ಎಂದಿದ್ದರೆ ಅರ್ಥ ಜಾರಿದೆ ಎಂದುಕೊಳ್ಳುತ್ತಿದ್ದೆ. ಅಕ್ಷರ ಅದಲುಬದಲಾದರೆ ಧ್ವನಿಗಳನ್ನು ಜೋಡಿಸುವ ಆರ್ಕ್ಯುಯೇಟ್ ನರತಂತುಗಳು ಹತ್ತಿರವಿವೆ. ಶಸ್ತ್ರವೈದ್ಯರ ಕೈ ಅಲ್ಲಿಗೇ ನಿಂತಿತು. ಗೆಡ್ಡೆಯ ಒಂದು ತೆಳು ಪದರ ಒಳಗೇ ಉಳಿಯಿತು.

ಕೆಲವು ದಿನ ಅವರಿಗೆ ಪದಗಳು ತಡವಾಗಿ ಬಂದವು, ಆಮೇಲೆ ಸರಿಹೋದವು. ಈಗ ನನ್ನ ಪಟ್ಟಿಯಲ್ಲಿ ಆ ಚಿತ್ರದ ಕೆಳಗೆ ಸೀಬೆ, ಚೇಪೆ, ಪೇರಲ ಮೂರೂ ಇವೆ. ನಾಲ್ಕನೆಯದಕ್ಕೂ ಜಾಗ ಬಿಟ್ಟಿದ್ದೇನೆ.